ತಗಡಿನ ಥೇಟರಿಗೆ ಬೆಂಕಿ ವಿಮೆ

ಬೆಂಕಿ ವಿಮೆಯ ಹಳೆಯ ಅಖಿಲ ಭಾರತ ದರಪಟ್ಟಿಯಲ್ಲಿ ಕಚ್ಚಾ ಕಟ್ಟಡ ಯಾವುದು ಎಂಬುದಕ್ಕೆ ಒಂದು ವಿವರಣೆ ಇತ್ತು. ಗೋಡೆಯಾಗಲಿ ಮಾಡಾಗಲಿ ಹಲಗೆ, ಹುಲ್ಲು, ಗರಿ, ಬಿದಿರು, ಪ್ಲಾಸ್ಟಿಕ್ ಬಟ್ಟೆ, ಕ್ಯಾನ್ವಾಸ್, ತಾಡಪತ್ರಿಯದ್ದಾಗಿದ್ದರೆ ಅದು ಕಚ್ಚಾ, ಅದಕ್ಕೆ ಕಂತು ಹೆಚ್ಚು. ಜಾತ್ರೆಯಲ್ಲಿ ಬೀಡುಬಿಟ್ಟ ನಾಟಕ ಕಂಪನಿಯ ಥೇಟರನ್ನು ಮುಂದಿಟ್ಟುಕೊಂಡೇ ಇದನ್ನು ಬರೆದರೇನೋ ಅನಿಸುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಸುತ್ತಲಿನ ತಗಡು ಮಾತ್ರ.

ಕನ್ನಡ ವೃತ್ತಿರಂಗಭೂಮಿಯ ತವರು ಗದಗ ಸೀಮೆ. ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲಿ ಇಲ್ಲಿ ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿ ಕಟ್ಟಿದರು. ಆ ಹೊತ್ತಿಗೆ ಕಲ್ಕತ್ತದಲ್ಲಿ ಟ್ರೈಟನ್ ವಿಮಾ ಕಂಪನಿ ಹುಟ್ಟಿ (1850) ಎರಡು ದಶಕ ದಾಟಿತ್ತು. ಆದರೆ ವಿಮೆಯವರ ಕಣ್ಣಿದ್ದದ್ದು ಹಡಗು, ಗೋದಾಮು, ಕಾರ್ಖಾನೆಗಳ ಮೇಲೆ. 1884ರಲ್ಲಿ ರೈಲು ಬಂದ ಮೇಲೆ ಗದಗ ಹತ್ತಿಯ ದೊಡ್ಡ ಪೇಟೆಯಾಗಿ ಬೆಳೆಯಿತು. ಹತ್ತಿ ಜಿನ್ನು, ಪ್ರೆಸ್ಸುಗಳಿಗೆ ವಿಮಾ ದರಪಟ್ಟಿಯಲ್ಲಿ ತಮ್ಮದೇ ಸಾಲು ದೊರೆಯಿತು. ಅದೇ ರೈಲಿಗೆ ಪರದೆ, ಕಿರೀಟದ ಪೆಟ್ಟಿಗೆ ಹೇರಿದ ನಾಟಕದವರನ್ನು ಮಾತ್ರ ಯಾವ ಸಾಲೂ ಕರೆಯಲಿಲ್ಲ.

ಅವರನ್ನು ಕಾಯ್ದದ್ದು ಮನುಷ್ಯರೇ. ಶಿರಹಟ್ಟಿ ಆಗ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಶಿರಹಟ್ಟಿ ವೆಂಕೋಬರಾಯರ ಮಂಡಳಿ, ಲಕ್ಷ್ಮೇಶ್ವರದ ಬಚ್ಚಾಸಾನಿಯವರ ಸ್ತ್ರೀ ನಾಟಕ ಮಂಡಳಿ, ಗದಗದ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಎಲ್ಲವೂ ಊರಿನ ಸಾಹುಕಾರ, ಕಂತ್ರಾಟುದಾರರ ಮುಂಗಡ ಹಣವನ್ನು ನೆಚ್ಚಿ ಬದುಕಿದ ಕಾಲವದು. ಮಳೆ ಹಿಡಿದು ಗಲ್ಲೆ ಬರಿದಾದರೆ ಊರ ಹಿರಿಯರು ಒಂದು ಸಹಾಯಾರ್ಥ ನಾಟಕ ಆಡಿಸುವರು. ಮುಂದಿನ ಮೊಕ್ಕಾಮಿನ ಬಾಡಿಗೆ ಅದರಿಂದ ಹುಟ್ಟಬೇಕು. 1898ರಿಂದಾಚೆ ಧಾರವಾಡ ಜಿಲ್ಲೆಯನ್ನು ಪ್ಲೇಗು ಮತ್ತೆ ಮತ್ತೆ ಕಾಡಿದಾಗ ಊರೇ ಖಾಲಿಯಾಗುತ್ತಿತ್ತು, ಸಹಾಯಾರ್ಥ ನಾಟಕಕ್ಕೆ ಜನ ಎಲ್ಲಿಂದ ಬರಬೇಕು? ಸಾಹುಕಾರನ ಸಾಲವನ್ನು ಆಸರೆ ಎಂದು ಹೊಗಳುವವರಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ, ಸಾಲ ತೀರದೆ ಸೀನು, ಸಾಮಾನು ಸಾಹುಕಾರನ ಪಾಲಾದ ಕಂಪನಿಗಳೂ ಇದ್ದವು.

ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಈ ಲೆಕ್ಕ ತಿರುಗುಮುರುಗಾಯಿತು. ಅಲ್ಲಿ ಪಂಚಾಕ್ಷರಿ ಗವಾಯಿಗಳ ಹೆಸರಿನ ನಾಟ್ಯ ಸಂಘವೇ ಆಶ್ರಮಕ್ಕೆ ಆಸರೆ. ಪುಟ್ಟರಾಜ ಗವಾಯಿಗಳು ನಾಟಕ ಬರೆದರು, ಸಂಗೀತ ಕಲಿಸಿದರು. ಸಂಘ ಊರೂರು ತಿರುಗಿ ತಂದ ಹಣ ಅಂಧ, ಅನಾಥ ಮಕ್ಕಳ ಊಟಕ್ಕೆ ಹೋಯಿತು. ಇಂಥ ಸಂಘದ ಥೇಟರಿಗೆ ಬೆಂಕಿ ಬಿದ್ದರೆ ಸುಡುವುದು ಪರದೆ ಒಂದೇ ಅಲ್ಲ, ಎಷ್ಟೋ ಮಕ್ಕಳ ಅನ್ನವೂ ಹೌದು. ಆ ನಷ್ಟವನ್ನು ಬರೆಯಲು ವಿಮೆಯ ಅರ್ಜಿಯಲ್ಲಿ ಜಾಗವಿಲ್ಲ.

ಹೊರದೇಶಗಳಲ್ಲಿ ರಂಗಮಂದಿರದ ಸುರಕ್ಷತೆ ಬೆಳೆದದ್ದು ಹೆಣಗಳ ಲೆಕ್ಕದಿಂದ. 1887ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ 186 ಜನ, 1903ರಲ್ಲಿ ಶಿಕಾಗೋದ ಇರೊಕ್ವಾ ಥೇಟರಿನಲ್ಲಿ 602 ಜನ ಸತ್ತರು. ಬೆಂಕಿ ತಡೆಯುವ ಪರದೆ, ಹೊರಕ್ಕೆ ತೆರೆಯುವ ಬಾಗಿಲು ಕಾನೂನಿಗೆ ಬಂದದ್ದು ಇಂಥವುಗಳ ಬೆನ್ನಿಗೆ. ನಮ್ಮಲ್ಲಿ 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ 92 ಮಂದಿ ಹೋದರು, ಹೆಚ್ಚಿನವರು ಮಕ್ಕಳು. 1989ರಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 62 ಮಂದಿ. 1991ರ ಸಾರ್ವಜನಿಕ ಹೊಣೆ ವಿಮಾ ಕಾಯ್ದೆ ಬಂದಾಗ ಇಂಥ ಡೇರೆ, ಥೇಟರಿನವರೂ ಅದರೊಳಗೆ ಬರಬಹುದಿತ್ತು. ಆದರೆ ಅದು ಭೋಪಾಲದ ಅನಿಲ ದುರಂತದ ನೆನಪಿನಲ್ಲಿ ಹುಟ್ಟಿದ ಕಾಯ್ದೆ. ಅಪಾಯಕಾರಿ ರಾಸಾಯನಿಕ ಇಟ್ಟುಕೊಂಡವರಿಗೆ ಮಾತ್ರ ವಿಮೆ ಕಡ್ಡಾಯ ಮಾಡಿತು, ಸಾವಿರ ಕುರ್ಚಿ ಹಾಕಿ ಟಿಕೀಟು ಮಾರುವವರನ್ನು ಕೇಳಲಿಲ್ಲ. 1997ರ ದಿಲ್ಲಿಯ ಉಪಹಾರ್ ಚಿತ್ರಮಂದಿರದ 59 ಸಾವುಗಳಿಗೆ ಪರಿಹಾರ ಎಷ್ಟೆಂದು ಸುಪ್ರೀಂ ಕೋರ್ಟು ಹೇಳುವಾಗ 2011 ಆಗಿತ್ತು.

1973ರಲ್ಲಿ ಸಾಮಾನ್ಯ ವಿಮೆ ಸರ್ಕಾರದ ಕೈಗೆ ಬಂದು ನಾಲ್ಕು ಕಂಪನಿಗಳಾದವು. ಇವುಗಳ ಶಾಖೆ ಜಿಲ್ಲಾ ಊರುಗಳಿಗೂ ಬಂದ ಮೇಲೆ ನಾಟಕದವರಿಗೆ ಪಾಲಿಸಿ ಕೈಗೆಟುಕುವ ದೂರಕ್ಕೆ ಬಂತು. ತೊಡಕಿದ್ದದ್ದು ಸಣ್ಣಕ್ಷರದ ಕಲಮುಗಳಲ್ಲಿ. ಬೆಂಕಿ ಪಾಲಿಸಿಯಲ್ಲಿ ಬರೆದ ಜಾಗದಿಂದ ಸಾಮಾನು ಬೇರೆಡೆ ಹೋದರೆ ರಕ್ಷೆ ಇಲ್ಲ. ರಿಪೇರಿಗೆ ಒಯ್ದ ಯಂತ್ರಕ್ಕಷ್ಟೇ 60 ದಿನದ ವಿನಾಯಿತಿ. ಬನಶಂಕರಿಯ ಜಾತ್ರೆ ಮುಗಿಸಿ ಶಿರಹಟ್ಟಿಗೆ ಲಾರಿ ಹತ್ತುವುದೇ ಕಂಪನಿಯ ಕಸುಬು, ಹಾಗಾಗಿ ಕಸುಬು ಮಾಡಿದ ದಿನವೇ ಪಾಲಿಸಿ ಬಿದ್ದುಹೋಗುತ್ತದೆ. ಮಳೆಗಾಲದಲ್ಲಿ ಸೀನು, ಪರದೆ ಗೋದಾಮಿಗೆ ಹೋಗುತ್ತವೆ, ಅಲ್ಲೂ 30 ದಿನಕ್ಕಿಂತ ಹೆಚ್ಚು ಕಟ್ಟಡ ಖಾಲಿ ಬಿಟ್ಟರೆ ವಿಮೆ ನಿಲ್ಲುತ್ತದೆ. ಕಳವಿನ ಪಾಲಿಸಿಗೆ ಬಾಗಿಲನ್ನೋ ಗೋಡೆಯನ್ನೋ ಮುರಿದು ಒಳಹೊಕ್ಕ ಗುರುತು ಬೇಕು. ತಾಡಪತ್ರಿ ಎತ್ತಿ ನುಸುಳಿದ ಕಳ್ಳ ಏನನ್ನು ಮುರಿದ? ಬಿರುಗಾಳಿ, ನೆರೆ ಲೆಕ್ಕಕ್ಕೆ ಬರುತ್ತವೆ, ಮಾಡು ಸೋರಿ ಅರಮನೆ ಸೀನಿನ ಬಣ್ಣ ಇಳಿದದ್ದು ಬರುವುದಿಲ್ಲ. ಸರ್ವೇಯರ್ ಬಂದರೂ ಮೊದಲು ಕೇಳುವುದು ಖರೀದಿ ಬಿಲ್ಲು. ತಾತನ ಕಾಲದ ಪೇಂಟರು ಬರೆದ ಪರದೆಗೆ ಬಿಲ್ಲೆಲ್ಲಿ?

2007ರಲ್ಲಿ ದರಪಟ್ಟಿಯ ಬಿಗಿ ಸಡಿಲವಾಯಿತು. ಕಾರ್ಯಕ್ರಮ ವಿಮೆ ಎಂಬ ಸರಕೂ ಈಗ ಇದೆ: ರದ್ದತಿ, ಪ್ರೇಕ್ಷಕರ ಹೊಣೆ, ಗಲ್ಲೆಯ ಹಣ, ಅಪಘಾತ ಎಲ್ಲ ಒಂದೇ ಕಟ್ಟಿನಲ್ಲಿ. ಮುಂಬಯಿಯ ಜಿಎಸ್‌ಬಿ ಸೇವಾ ಮಂಡಲ 2024ರ ಗಣೇಶೋತ್ಸವಕ್ಕೆ 400.58 ಕೋಟಿ ರೂಪಾಯಿಯ ರಕ್ಷೆ ಮಾಡಿಸಿತು. ಅದರಲ್ಲಿ ದೊಡ್ಡ ಪಾಲು ಸ್ವಯಂಸೇವಕರು, ಅರ್ಚಕರು, ಅಡುಗೆಯವರು ಮೊದಲಾದವರ ಅಪಘಾತಕ್ಕೆ. ನಮ್ಮವರು ಕಲಿಯಬೇಕಾದದ್ದು ಮೊತ್ತವನ್ನಲ್ಲ, ಆ ಕ್ರಮವನ್ನು: ಮೊದಲು ಆಳು, ಆಮೇಲೆ ಸಾಮಾನು.

2020ರ ಮಾರ್ಚಿನಲ್ಲಿ, ಜಾತ್ರೆಗಳ ಸುಗ್ಗಿಯಲ್ಲೇ, ಕೊರೊನಾದಿಂದ ಥೇಟರುಗಳು ಮುಚ್ಚಿದವು. ಕೈತಪ್ಪಿದ ಲಾಭ ತುಂಬಿಕೊಡುವ ಪಾಲಿಸಿ ಇದ್ದರೂ ಪ್ರಯೋಜನವಿರಲಿಲ್ಲ. ಬೆಂಕಿಯಂಥ ಕಾರಣದಿಂದ ಆಸ್ತಿಗೆ ಪೆಟ್ಟಾದರಷ್ಟೇ ಅದು ದುಡ್ಡು ಕೊಡುತ್ತದೆ. ಮತ್ತೆ ದಾನಿಗಳು, ದಿನಸಿ ಕಿಟ್ಟುಗಳು.

ಗದಗದ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರಿ ಪತ್ತಿನ ಸಂಘ ಕಟ್ಟಿದ್ದರು. ಆ ಮಾದರಿಯಲ್ಲಿ ನಾಟಕದವರದ್ದೇ ವಿಮಾ ಸಂಘ ಈಗ ಆಗದ ಮಾತು, ಸಾಮಾನ್ಯ ವಿಮೆ ನಡೆಸಲು 100 ಕೋಟಿ ಬಂಡವಾಳ ಬೇಕೆಂದು 1999ರ ಕಾಯ್ದೆ ಹೇಳಿತು. ಆದರೆ ಹತ್ತಾರು ಕಂಪನಿಗಳು ಕೂಡಿ, ನಾಟಕ ಅಕಾಡೆಮಿಯನ್ನೋ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನೋ ಮುಂದಿಟ್ಟುಕೊಂಡು, ಮೊಕ್ಕಾಮು ಬದಲಾದರೂ ಬೀಳದ ಒಂದೇ ಗುಂಪು ಪಾಲಿಸಿ ಕೇಳಬಹುದು. ಇಲಾಖೆ ಕಂಪನಿಗಳಿಗೆ ಅನುದಾನವನ್ನಂತೂ ಕೊಡುತ್ತಿದೆ, ಅದರಲ್ಲೇ ಒಂದು ಪಾಲು ಕಂತಿಗೆ ಹೋಗಲಿ.

ಕಂಪನಿಗಳದ್ದಕ್ಕಿಂತ ಕಷ್ಟದ ಪಾಡು ಹಳ್ಳಿ ನಾಟಕದ್ದು. ಮುಂಡರಗಿ, ಲಕ್ಷ್ಮೇಶ್ವರ ಕಡೆಯ ಊರುಗಳಲ್ಲಿ ಜಾತ್ರೆ ನಾಟಕಕ್ಕೆ ಸೀನು ಬಾಡಿಗೆಯದು, ಪಾತ್ರಧಾರಿಣಿಯರು ಬೇರೆ ಊರಿನಿಂದ ಬಂದವರು. ಸೀನು ಸುಟ್ಟರೆ ನಷ್ಟ ಬಾಡಿಗೆ ಕೊಟ್ಟ ಅಂಗಡಿಯವರದ್ದೋ ಊರಿನವರದ್ದೋ ಎಂಬುದೇ ಜಗಳ. ಇನ್ನೊಬ್ಬರ ಸಾಮಾನು ತಮ್ಮ ವಶದಲ್ಲಿದೆ ಎಂದು ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆಸದಿದ್ದರೆ ಅದಕ್ಕೆ ರಕ್ಷೆ ಇರುವುದಿಲ್ಲ. ನಾಟಕ ಮುಗಿಸಿ ಬೆಳಗಿನ ಜಾವ ಟೆಂಪೋದಲ್ಲಿ ಮರಳುವ ಕಲಾವಿದೆಗೆ ಸದ್ಯ ಇರುವ ಅಗ್ಗದ ದಾರಿ ಪ್ರಧಾನಮಂತ್ರಿ ಸುರಕ್ಷಾ ಬೀಮಾ: ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಮೇ ಕೊನೆಯಲ್ಲಿ ಬ್ಯಾಂಕ್ ಖಾತೆಯಲ್ಲಿ ಆ 20 ರೂಪಾಯಿ ಇರಬೇಕು, ವಯಸ್ಸು 70 ದಾಟಿರಬಾರದು. ಕಂಪನಿ ನಾಟಕದ ಪೇಟಿ ಮಾಸ್ತರರಲ್ಲಿ, ತಾಯಿ ಪಾತ್ರದ ಹಿರಿಯರಲ್ಲಿ 70 ದಾಟಿದವರು ಕಡಿಮೆಯೇನಿಲ್ಲ.