ಮೂರು ಸಾವಿರ ರೂಪಾಯಿಯ ತೀರ್ಪು

ಅಪ್ಪ ತೀರಿಕೊಂಡ ಹದಿಮೂರನೇ ದಿನ, ಬಂದವರೆಲ್ಲ ಊಟ ಮುಗಿಸಿ ಹೋದ ಮೇಲೆ, ಧಾರವಾಡದ ಮನೆಯ ಪಡಸಾಲೆಯಲ್ಲಿ ಅಣ್ಣ ಒಂದು ಕಾಗದವನ್ನು ನನ್ನ ಮುಂದಿಟ್ಟ. ಆಸ್ಪತ್ರೆಯವರು ಕೊಟ್ಟ ಸರ್ಟಿಫಿಕೇಟು. ಸಾವಿನ ಕಾರಣ ಎಂಬಲ್ಲಿ ‘ಪಲ್ಮನರಿ ಎಂಬಾಲಿಸಂ’ ಎಂದು ಬರೆದಿತ್ತು. ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶದ ನಾಳಕ್ಕೆ ಬಂದು ಅಡ್ಡ ನಿಲ್ಲುವುದು. ಪಿತ್ತಕೋಶದ ಆಪರೇಷನ್ ಚೆನ್ನಾಗಿ ಆಗಿದೆ, ನಾಳೆ ಮನೆಗೆ ಕಳಿಸುತ್ತೇವೆ ಎಂದಿದ್ದರು. ಅದೇ ರಾತ್ರಿ ಅಪ್ಪ ಹೋಗಿದ್ದರು.

“ತಮ್ಮಾ, ನೀ ಪುಣೆದಾಗ ಇರಾಂವ. ಒಬ್ಬ ಚಲೋ ವಕೀಲರನ್ನ ನೋಡು. ಇವರನ್ನ ಹಂಗ ಬಿಡೂದು ಬ್ಯಾಡ” ಎಂದ ಅಣ್ಣ.

ಪುಣೆಗೆ ಬಂದು ಪರಿಚಯದ ವಕೀಲರೊಬ್ಬರನ್ನು ಕಂಡೆ. ಅವರು ಕೇಸಿನ ಮಾತು ಎತ್ತುವ ಮೊದಲು ಒಂದು ಹಳೆಯ ತೀರ್ಪನ್ನು ಓದಿಕೊಂಡು ಬನ್ನಿ ಎಂದರು. “ನಿಮ್ಮ ಪುಣೆಯದೇ ಕಥೆ” ಎಂದೂ ಸೇರಿಸಿದರು. ಕಾನೂನು ಓದದ, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಬರೆಯುವ ನಾನು ರಾತ್ರಿ ಕೂತು ಅದನ್ನು ಓದಿದೆ. ಲಕ್ಷ್ಮಣ ಬಾಲಕೃಷ್ಣ ಜೋಶಿ ವಿರುದ್ಧ ತ್ರ್ಯಂಬಕ ಬಾಪು ಗೋಡ್ಬೋಲೆ. ಸುಪ್ರೀಂ ಕೋರ್ಟ್, 2 ಮೇ 1968.

ಕಥೆ ಶುರುವಾಗುವುದು 1953ರ ಮೇ 6ರ ಸಂಜೆ, ರತ್ನಾಗಿರಿ ಜಿಲ್ಲೆಯ ಪಾಲಶೇತ್ ಎಂಬ ಹಳ್ಳಿಯ ಸಮುದ್ರದಂಡೆಯಲ್ಲಿ. ಸುಮಾರು ಇಪ್ಪತ್ತು ವರ್ಷದ ಹುಡುಗನೊಬ್ಬನ ಎಡತೊಡೆಯ ಮೂಳೆ ಮುರಿಯಿತು. ಮಂಚ ತಂದು ಅದರ ಮೇಲೆ ಮಲಗಿಸಿ ಮನೆಗೆ ಒಯ್ದರು. ಊರಿನ ಡಾಕ್ಟರು ಕಾಲು ಅಲ್ಲಾಡದಂತೆ ಮರದ ಹಲಗೆ ಕಟ್ಟಿ, ಪುಣೆಗೆ ಕರೆದೊಯ್ಯಿರಿ ಎಂದರು. ತಾಯಿ ಮಗನನ್ನು ಟ್ಯಾಕ್ಸಿಯಲ್ಲಿ ಒರಗಿಸಿಕೊಂಡು ನಡುರಾತ್ರಿ ಒಂದು ಗಂಟೆಗೆ ಹೊರಟಳು. ಇನ್ನೂರು ಮೈಲಿಯ ಹಾದಿ. ಪುಣೆ ಮುಟ್ಟಿದಾಗ 9ನೇ ತಾರೀಖಿನ ಬೆಳಗಿನ ಹನ್ನೊಂದೂವರೆ. ತಂದೆ ಧೋಂಡಿನಿಂದ ಬಂದು ಕಾಯುತ್ತಿದ್ದರು. ಅವರು ಸ್ವತಃ ಡಾಕ್ಟರು.

ಮಧ್ಯಾಹ್ನ ಎರಡೂಕಾಲಿಗೆ ಹುಡುಗ ಆಸ್ಪತ್ರೆಗೆ ಸೇರಿದ. ಅವನಿಗೆ ಮಾರ್ಫಿಯಾದ ಎರಡು ಇಂಜೆಕ್ಷನ್ ಕೊಡಲು ಹೇಳಲಾಗಿತ್ತು, ಕೊಟ್ಟದ್ದು ಒಂದೇ. ಆಪರೇಷನ್ ಥಿಯೇಟರಿನಲ್ಲಿ ಒಂದು ಗಂಟೆಗೂ ಮೇಲೆ ಇಟ್ಟುಕೊಂಡು, ಕಾಲಿಗೆ ಪ್ಲಾಸ್ಟರ್ ಹಾಕಿ, ಸಂಜೆ ಐದೂವರೆಗೆ ಕೋಣೆಗೆ ತಂದರು. ಏಳು ಗಂಟೆಯೊಳಗೆ ಮಂಪರು ಇಳಿಯುತ್ತದೆ ಎಂದದ್ದನ್ನು ನಂಬಿ ತಂದೆ ಧೋಂಡಿಗೆ ಮರಳಿದರು. ಆರೂವರೆಗೆ ಮಗ ಉಸಿರಿಗೆ ಒದ್ದಾಡುವುದನ್ನು ತಾಯಿ ಕಂಡಳು. ಒಂಬತ್ತು ಗಂಟೆಗೆ ಎಲ್ಲ ಮುಗಿಯಿತು. ಸರ್ಟಿಫಿಕೇಟಿನಲ್ಲಿ ಬರೆದ ಕಾರಣ ‘ಫ್ಯಾಟ್ ಎಂಬಾಲಿಸಂ’, ಅಂದರೆ ಮುರಿದ ಮೂಳೆಯಿಂದ ಹೊರಟ ಕೊಬ್ಬು ರಕ್ತನಾಳದಲ್ಲಿ ಸಿಕ್ಕಿಕೊಳ್ಳುವುದು.

ಆ ‘ಎಂಬಾಲಿಸಂ’ ಪದ ಕಂಡಾಗ ನಾನು ಓದು ನಿಲ್ಲಿಸಿ ಎದ್ದು ನೀರು ಕುಡಿದೆ.

ತಂದೆ ತಾಯಿ ಸಿವಿಲ್ ದಾವೆ ಹೂಡಿದರು. ಅರಿವಳಿಕೆ ಕೊಡದೆ, ಆಳುಗಳನ್ನು ಹಿಡಿದು ಕಾಲನ್ನು ಬಲವಾಗಿ ಎಳೆದು ಮೂಳೆ ಕೂರಿಸಿದರು, ಆ ಆಘಾತಕ್ಕೇ ಮಗ ಸತ್ತ ಎಂಬುದು ಅವರ ವಾದ. ಎಳೆಯಲೇ ಇಲ್ಲ, ಅಲ್ಲಾಡದಂತೆ ಪ್ಲಾಸ್ಟರ್ ಹಾಕಿದೆವಷ್ಟೇ ಎಂದು ಡಾಕ್ಟರು ಹೇಳಿದರು. ಕೆಳಗಿನ ಕೋರ್ಟು ಸಾಕ್ಷ್ಯಗಳನ್ನು ತೂಗಿ ತಂದೆ ತಾಯಿಯ ಮಾತನ್ನು ಒಪ್ಪಿ ಮೂರು ಸಾವಿರ ರೂಪಾಯಿ ಪರಿಹಾರ ಕೊಡಿಸಿತು. ಮುಂಬಯಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು, ಹದಿನೈದು ವರ್ಷದ ಮೇಲೆ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಹುಡುಗ ಸತ್ತ ವರ್ಷ ನಮ್ಮ ಧಾರವಾಡವೂ ಮುಂಬಯಿ ರಾಜ್ಯದಲ್ಲೇ ಇತ್ತು. ನಮ್ಮ ಅಜ್ಜ ನ್ಯಾಯ ಕೇಳಬೇಕಾಗಿದ್ದರೆ ಅದೇ ಹೈಕೋರ್ಟಿನ ಮೆಟ್ಟಿಲನ್ನೇ ಹತ್ತಬೇಕಿತ್ತು.

ಆ ತೀರ್ಪು ಹೇಳಿದ್ದನ್ನು ನಮ್ಮ ಕೋರ್ಟುಗಳು ಇಂದಿಗೂ ನೆನೆಯುತ್ತವೆ. ರೋಗಿಯನ್ನು ಒಪ್ಪಿಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸುವಾಗ, ಯಾವ ಚಿಕಿತ್ಸೆ ಎಂದು ನಿರ್ಧರಿಸುವಾಗ, ಆ ಚಿಕಿತ್ಸೆಯನ್ನು ಕೊಡುವಾಗ, ಈ ಮೂರರಲ್ಲೂ ಡಾಕ್ಟರು ಎಚ್ಚರ ವಹಿಸಬೇಕು. ಯಾವುದರಲ್ಲಿ ತಪ್ಪಿದರೂ ಅದು ನಿರ್ಲಕ್ಷ್ಯ. ಆದರೆ ಎಲ್ಲರಿಗಿಂತ ಮಿಗಿಲಾದ ಜಾಣತನವನ್ನು ಕಾನೂನು ಕೇಳುವುದಿಲ್ಲ, ತೀರಾ ಕೆಳಮಟ್ಟದ್ದನ್ನು ಸಹಿಸುವುದೂ ಇಲ್ಲ. ನಡುವಿನ, ನ್ಯಾಯವಾದ ಮಟ್ಟದ ಕೌಶಲ ಮತ್ತು ಎಚ್ಚರ ಇದ್ದರೆ ಸಾಕು.

ವೈದ್ಯನ ತಪ್ಪಿಗೆ ದಂಡ ಹಾಕುವುದು ನಮ್ಮಲ್ಲಿ ಹೊಸದಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣ ಶಾಮಾಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದು ಇದೆ. ಪ್ರಾಣಾಪಾಯವಿರುವ ರೋಗಕ್ಕೆ ಮೊದಲೇ ತಿಳಿಸದೆ ಚಿಕಿತ್ಸೆ ಶುರುಮಾಡಿ ರೋಗಿ ಸತ್ತರೆ ಮೊದಲ ದರ್ಜೆಯ ದಂಡ, ಚಿಕಿತ್ಸೆಯ ತಪ್ಪಿನಿಂದಲೇ ಸತ್ತರೆ ಮಧ್ಯಮ ದರ್ಜೆಯದು. ಕೈಗುಣ ಬೇರೆ, ಕೈತಪ್ಪು ಬೇರೆ ಎಂಬ ವಿವೇಕ ಅಲ್ಲೇ ಕಾಣುತ್ತದೆ. ಆದರೆ ಅದು ದಂಡ, ರಾಜನ ಬೊಕ್ಕಸಕ್ಕೆ ಸೇರುವ ಹಣ. ಸತ್ತವನ ಮನೆಯವರೇ ಎದುರು ನಿಂತು ಪರಿಹಾರ ಕೇಳುವ ದಾರಿಯನ್ನು ಬ್ರಿಟಿಷರ ಕಾಲದ 1855ರ ಫೇಟಲ್ ಆಕ್ಸಿಡೆಂಟ್ಸ್ ಆಕ್ಟ್ ತೆರೆಯಿತು. ನಿರ್ಲಕ್ಷ್ಯದಿಂದಾದ ಸಾವನ್ನು ಅಪರಾಧವೆನ್ನುವ 304ಎ ಕಲಮು 1870ರಲ್ಲಿ ದಂಡಸಂಹಿತೆಗೆ ಸೇರಿತು.

ಎಚ್ಚರದ ಮಟ್ಟವನ್ನು ಅಳೆಯುವುದು ಹೇಗೆ? ಅದಕ್ಕೆ ನಮ್ಮ ಕೋರ್ಟುಗಳು ಬಳಸುವ ಅಳತೆಗೋಲು 1957ರ ಇಂಗ್ಲೆಂಡಿನದು. ಬೋಲಮ್ ಎಂಬ ರೋಗಿಗೆ ಮಾನಸಿಕ ಆಸ್ಪತ್ರೆಯಲ್ಲಿ ಕರೆಂಟಿನ ಚಿಕಿತ್ಸೆ ಕೊಡುವಾಗ ಸ್ನಾಯು ಸಡಿಲಿಸುವ ಔಷಧಿ ಕೊಟ್ಟಿರಲಿಲ್ಲ. ಮೈ ಸೆಟೆದು ಸೊಂಟದ ಮೂಳೆ ಮುರಿಯಿತು. ಆ ಕಾಲಕ್ಕೆ ಔಷಧಿ ಕೊಡುವ ಡಾಕ್ಟರುಗಳೂ ಇದ್ದರು, ಕೊಡದವರೂ ಇದ್ದರು. ಆ ವಿದ್ಯೆಯಲ್ಲಿ ಪಳಗಿದ ಜವಾಬ್ದಾರಿಯುತ ವೈದ್ಯರ ಒಂದು ಗುಂಪು ಸರಿ ಎನ್ನುವ ರೀತಿಯಲ್ಲಿ ನಡೆದಿದ್ದರೆ ಅದು ನಿರ್ಲಕ್ಷ್ಯವಲ್ಲ ಎಂದು ನ್ಯಾಯಾಧೀಶರು ಜ್ಯೂರಿಗೆ ವಿವರಿಸಿದರು. ಬೋಲಮ್ ಸೋತ.

ಈ ಅಳತೆಗೋಲು ಹಿಡಿದು ಬಡವರು ಸಿವಿಲ್ ಕೋರ್ಟಿನಲ್ಲಿ ಎಷ್ಟು ವರ್ಷ ನಿಲ್ಲಬೇಕಿತ್ತು ಎಂಬುದಕ್ಕೆ ಔರಂಗಾಬಾದಿನ ಒಂದು ಕೇಸೇ ಸಾಕ್ಷಿ. 1963ರ ಜುಲೈನಲ್ಲಿ ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ಬಳಿಕ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಂಗಸೊಬ್ಬಳ ಹೊಟ್ಟೆಯಲ್ಲಿ ಟವೆಲ್ಲೊಂದು ಉಳಿದುಬಿಟ್ಟಿತ್ತು. ಎರಡು ವಾರದಲ್ಲಿ ಆಕೆ ಸತ್ತಳು. ಕೆಳಗಿನ ಕೋರ್ಟು 36,000 ರೂಪಾಯಿ ಕೊಡಿಸಿತು, ಹೈಕೋರ್ಟು ಅದನ್ನು ರದ್ದು ಮಾಡಿತು. ಟವೆಲ್ ಒಳಗೆ ಬಿಟ್ಟದ್ದೇ ನಿರ್ಲಕ್ಷ್ಯ, ಸರಕಾರ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು 1996ರಲ್ಲಿ. ತಾಯಿ ಸತ್ತಾಗ ಹಸುಗೂಸಾಗಿದ್ದವರಿಗೆ ಆಗ ಮೂವತ್ತೆರಡು ವರ್ಷ.

ಅಷ್ಟರಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಡಾಕ್ಟರಿಗೂ ಅನ್ವಯಿಸುತ್ತದೆಯೇ ಎಂಬ ಜಗಳದಲ್ಲಿ ಸುಪ್ರೀಂ ಕೋರ್ಟು 1995ರ ನವೆಂಬರ್ 13ರಂದು ‘ಹೌದು’ ಎಂದಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಕಡೆ ಮಾತ್ರ ಅನ್ವಯಿಸದು. ಕೆಲವರಿಂದ ಹಣ ಪಡೆದು ಕೆಲವರನ್ನು ಉಚಿತವಾಗಿ ನೋಡುವ ಆಸ್ಪತ್ರೆಯಲ್ಲಿ ಆ ಉಚಿತ ರೋಗಿಯೂ ಗ್ರಾಹಕನೇ. 2019ರ ಹೊಸ ಕಾಯ್ದೆ ನಮ್ಮಂಥ ಪರವೂರಿನವರಿಗೆ ಇನ್ನೊಂದು ಅನುಕೂಲ ಮಾಡಿದೆ. ದೂರುದಾರ ತಾನು ವಾಸಿಸುವ ಅಥವಾ ಕೆಲಸ ಮಾಡುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಗಡುವು ಎರಡು ವರ್ಷ.

ಅಣ್ಣನಿಗೆ ಬೇಕಾಗಿದ್ದುದು ಪೊಲೀಸ್ ಕೇಸು. ಅಲ್ಲಿ ಮಾತ್ರ ಕಾನೂನು ಡಾಕ್ಟರ ಕಡೆಯನ್ನೂ ನೋಡುತ್ತದೆ. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಉಸಿರಿಗೆ ಒದ್ದಾಡುತ್ತಿದ್ದ ರೋಗಿಗೆ ತಂದ ಆಕ್ಸಿಜನ್ ಸಿಲಿಂಡರೇ ಖಾಲಿ ಇತ್ತು. ಆದರೂ ಡಾಕ್ಟರ ಮೇಲಿನ ಕ್ರಿಮಿನಲ್ ಮೊಕದ್ದಮೆಯನ್ನು ಕೋರ್ಟು ರದ್ದುಮಾಡಿತು. ಜೈಲಿಗೆ ಕಳಿಸಲು ಘೋರ ನಿರ್ಲಕ್ಷ್ಯವೇ ಬೇಕು, ಮೊದಲು ಬೇರೊಬ್ಬ ಸಮರ್ಥ ಡಾಕ್ಟರ ಅಭಿಪ್ರಾಯ ಪಡೆಯಬೇಕು, ದೂರು ಬಂತೆಂದು ತಟ್ಟನೆ ಬಂಧಿಸಬಾರದು ಎಂದಿತು. ಕತ್ತಿ ಹಿಡಿದ ಕೈ ಕೇಸಿನ ಭಯಕ್ಕೆ ನಡುಗಿದರೆ ನಷ್ಟ ರೋಗಿಗೇ ಎಂಬುದು ಅದರ ಹಿಂದಿನ ಯೋಚನೆ.

ಇಷ್ಟು ಓದಿದ ಮೇಲೆ ನಾನು ಮಾಡಿದ್ದು ಒಂದೇ ಕೆಲಸ, ಅಪ್ಪನ ಪೂರ್ತಿ ಕೇಸ್ ಪೇಪರ್ ಬರೆದು ಕೇಳಿದೆ. ಕೇಳಿದ 72 ಗಂಟೆಯೊಳಗೆ ಕೊಡಬೇಕು, ದಾಖಲಾದವರ ಕಾಗದಪತ್ರಗಳನ್ನು ಮೂರು ವರ್ಷ ಇಟ್ಟಿರಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ಎರಡು ಸಲ ನೆನಪಿಸಿದ ಮೇಲೆ ಕೊಟ್ಟರು. ಪುಣೆಯ ಕನ್ನಡ ಸಂಘದಲ್ಲಿ ಪರಿಚಯವಾಗಿದ್ದ ಸರ್ಜನ್ ಒಬ್ಬರು ಒಂದು ಭಾನುವಾರವಿಡೀ ಕೂತು ಓದಿದರು. ರಕ್ತ ತೆಳುಮಾಡುವ ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಬಿದ್ದಿತ್ತು. ಉಸಿರು ಕಟ್ಟಿದ ಐದು ನಿಮಿಷದಲ್ಲಿ ಡಾಕ್ಟರು ಬಂದಿದ್ದರು, ಮಾಡಬೇಕಾದ್ದನ್ನೆಲ್ಲ ಮಾಡಿದ್ದರು. “ನಾನಿದ್ದರೂ ಇದನ್ನೇ ಮಾಡುತ್ತಿದ್ದೆ. ಕೆಲವರು ಇಷ್ಟಾದರೂ ಉಳಿಯುವುದಿಲ್ಲ” ಎಂದರು.

ಬೋಲಮನ ಅಳತೆಗೋಲು ನನ್ನ ಅಡುಗೆಮನೆಯ ಮೇಜಿನ ಮೇಲೆ ಬಿದ್ದಿತ್ತು. ನಾವು ಕೇಸು ಹಾಕಲಿಲ್ಲ.

ಆ ರಾತ್ರಿ ಫೋನಿನಲ್ಲಿ ಅಣ್ಣನಿಗೆ ಪುಟಪುಟವಾಗಿ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಇಷ್ಟು ಮಾಡಿದ್ರು ಅಂದ್ರ, ಆವತ್ತ ನಮ್ಮನ್ನ ಕೂಡ್ರಿಸಿ ಯಾಕ ಹೇಳಲಿಲ್ಲ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಎರಡು ವರ್ಷದ ಗಡುವು ಈಗ ಮುಗಿದಿದೆ. ಅಣ್ಣ ಆ ಆಸ್ಪತ್ರೆಯ ಮುಂದಿನ ರಸ್ತೆಯಲ್ಲಿ ಇನ್ನೂ ಹೋಗುವುದಿಲ್ಲ, ಸುತ್ತಿ ಬಳಸಿ ಬರುತ್ತಾನೆ.

ಧೋಂಡಿನ ಆ ಡಾಕ್ಟರು ತಂದೆ ಮೂರು ಸಾವಿರ ರೂಪಾಯಿಗಾಗಿ ಹದಿನೈದು ವರ್ಷ ಕೋರ್ಟು ಅಲೆದರು ಎಂದು ನನಗೆ ಅನಿಸುವುದಿಲ್ಲ. ತಾನು ಧೋಂಡಿಗೆ ಮರಳುವ ಮುಂಚೆ ಆ ಥಿಯೇಟರಿನ ಒಳಗೆ ಏನಾಯಿತು ಎಂಬುದನ್ನು ಯಾರಾದರೂ ಎದುರು ಕೂತು ಹೇಳಬೇಕಿತ್ತು. ಹೇಳಿದ್ದು ಸುಪ್ರೀಂ ಕೋರ್ಟು.