ಹಳೆಯ ಕಾರಿನ ಹಳೆಯ ತಂಪು

ಅರವತ್ತರ ದಶಕದ ಅಮೆರಿಕನ್ ಕಾರೊಂದನ್ನು ಮತ್ತೆ ಹೊಸದರಂತೆ ಮಾಡಲು ಹೊರಟವರಿಗೆ ಬಣ್ಣ, ಕ್ರೋಮ್, ಸೀಟಿನ ಬಟ್ಟೆ ಇವೆಲ್ಲ ಹಣ ಮತ್ತು ತಾಳ್ಮೆಯ ಪ್ರಶ್ನೆ ಅಷ್ಟೆ. ಇವತ್ತಲ್ಲ ನಾಳೆ ಸಿಗುತ್ತವೆ. ಎಂಜಿನ್ ಕೂಡ ಒಂದು ದಿನ ಗುರುಗುಟ್ಟುತ್ತದೆ. ಆಮೇಲೆ ಯಾರೋ ಡ್ಯಾಶ್‌ಬೋರ್ಡಿನ ಎಸಿ ಹಿಡಿಯನ್ನು ಸರಿಸುತ್ತಾರೆ. ಫ್ಯಾನ್ ತಿರುಗುತ್ತದೆ, ಕಿಂಡಿಗಳಿಂದ ಬಿಸಿಗಾಳಿ ಬರುತ್ತದೆ, ಅದರೊಂದಿಗೆ ಕಪ್ಪು ಪುಡಿ ಬಂದು ಮಡಿಲಿಗೆ ಉದುರುತ್ತದೆ. ಗಾಳಿಯ ದಾರಿ ತಿರುಗಿಸುವ ಒಳಗಿನ ಬಾಗಿಲುಗಳಿಗೆ ಅಂಟಿಸಿದ್ದ ಸ್ಪಂಜು ಐವತ್ತು ಅರವತ್ತು ವರ್ಷಗಳಲ್ಲಿ ಪುಡಿಯಾಗಿರುತ್ತದೆ. ಆ ಬಾಗಿಲುಗಳನ್ನು ಎಳೆಯುವ ಸಣ್ಣ ರಬ್ಬರ್ ಕೊಳವೆಗಳು ಬಿರುಕುಬಿಟ್ಟಿರುತ್ತವೆ. ಕೂಲಿಂಗ್ ಕಾಯಿಲ್ ಇರುವ ಪೆಟ್ಟಿಗೆ ಬಿಚ್ಚಿದರೆ ಒಣಗಿದ ಎಲೆ, ಇಲಿಯ ಗೂಡು.

ಇವನ್ನೂ ಸರಿಪಡಿಸಬಹುದು. ಸರಿಪಡಿಸಲಾಗದ್ದು ಒಂದೇ: ಆ ಯಂತ್ರದೊಳಗೆ ಸುತ್ತುತ್ತಿದ್ದ ಗ್ಯಾಸು. ಅದು ಬಿಡಿಭಾಗದಂತೆ ಹುಡುಕಿ ತರುವ ವಸ್ತುವಾಗಿ ಉಳಿದಿಲ್ಲ. ಜಗತ್ತಿನ ದೇಶಗಳೆಲ್ಲ ಸೇರಿ ಅದರ ತಯಾರಿಕೆಯನ್ನೇ ನಿಲ್ಲಿಸಿವೆ.

ಕಾರಿನೊಳಗೆ ತಂಪು ಬೇಕೆಂಬ ಆಸೆ ಕಾರಿನಷ್ಟೇ ಹಳೆಯದು. ಅಮೆರಿಕದ ಮರುಭೂಮಿ ಸೀಮೆಯಲ್ಲಿ ಕಾರಿನ ಕಿಟಕಿಗೆ ನೀರು ತುಂಬಿದ ಉರುಳೆಯಂಥ ಕೂಲರ್ ನೇತುಹಾಕಿಕೊಂಡು ಓಡಿಸುವ ರೂಢಿಯಿತ್ತು. ಗಾಳಿ ಒದ್ದೆ ಪದರವನ್ನು ಹಾದು ಒಳಗೆ ಬರುತ್ತಿತ್ತು. ದಿಲ್ಲಿಯ ಡೆಸರ್ಟ್ ಕೂಲರ್, ಹಳೆಯ ಬಂಗಲೆಗಳ ಲಾವಂಚದ ತಟ್ಟಿ ಕೆಲಸ ಮಾಡುವುದೂ ಹಾಗೆಯೇ. ಮುಂಬೈ, ಚೆನ್ನೈಗಳಂಥ ಸೆಕೆಯ ಊರಿನಲ್ಲಿ ಅದು ಏಕೆ ನಡೆಯುವುದಿಲ್ಲ ಎಂಬುದು ಅಲ್ಲಿರುವವರಿಗೆ ಹೇಳಬೇಕಾಗಿಲ್ಲ.

ಕಾರ್ಖಾನೆಯಿಂದಲೇ ಎಸಿ ಕೊಡುವ ಸಾಹಸ ಮೊದಲು ಮಾಡಿದ್ದು ಪ್ಯಾಕಾರ್ಡ್ ಕಂಪನಿ. 1939ರ ಕೊನೆಯಲ್ಲಿ ಷಿಕಾಗೋದ ಪ್ರದರ್ಶನದಲ್ಲಿ ತೋರಿಸಿ, 1940ರ ಮಾದರಿಗಳಲ್ಲಿ 274 ಡಾಲರ್ ಹೆಚ್ಚುವರಿ ಬೆಲೆಗೆ 'ವೆದರ್ ಕಂಡಿಷನರ್' ಎಂಬ ಹೆಸರಿನಲ್ಲಿ ಮಾರಿತು. ಕೂಲಿಂಗ್ ಕಾಯಿಲ್ ಹಿಂದಿನ ಸೀಟಿನ ಬೆನ್ನಿಗಿತ್ತು, ಡಿಕ್ಕಿಯ ಅರ್ಧ ಜಾಗ ಅದಕ್ಕೇ ಹೋಗುತ್ತಿತ್ತು. ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಎಂಜಿನ್ ಓಡುವಷ್ಟು ಹೊತ್ತೂ ಅದೂ ಓಡಬೇಕು. ಚಳಿಯಾಯಿತು ಎಂದರೆ ಫ್ಯಾನ್ ಆರಿಸಬಹುದಿತ್ತು. ಕಂಪ್ರೆಸರನ್ನೇ ನಿಲ್ಲಿಸಬೇಕೆಂದರೆ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕು. ಪ್ಯಾಕಾರ್ಡ್ ಕೊಳ್ಳುವ ಶ್ರೀಮಂತರು ಇದನ್ನು ತಾವೇ ಮಾಡುತ್ತಿರಲಿಲ್ಲ, ಡ್ರೈವರನಿಂದ ಮಾಡಿಸುತ್ತಿದ್ದರು ಎಂದುಕೊಂಡರೂ ಇದು ಮಾರಾಟವಾಗುವ ಸುಖವಲ್ಲ. 1941ರ ನಂತರ ಕಂಪನಿ ಅದನ್ನು ಕೈಬಿಟ್ಟಿತು.

ಯುದ್ಧ ಮುಗಿದು, ಅಮೆರಿಕದಲ್ಲಿ ದುಡ್ಡು ಹರಿದಾಡಲು ಶುರುವಾದ ಮೇಲೆ, 1953ರಲ್ಲಿ ಕ್ರೈಸ್ಲರ್ ಮತ್ತು ಜನರಲ್ ಮೋಟರ್ಸ್ ಮತ್ತೆ ಕೈಹಾಕಿದವು. ಆಗಲೂ ಯಂತ್ರದ ಬಹುಭಾಗ ಡಿಕ್ಕಿಯಲ್ಲೇ ಇತ್ತು. ಆ ವರ್ಷದ ಎಸಿ ಕ್ಯಾಡಿಲಾಕ್‌ನಲ್ಲಿ ಹಿಂದಿನ ಗಾಜಿನ ಬದಿಯಿಂದ ಚಾವಣಿಗೆ ಏರುವ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಗಳು ಕಾಣುತ್ತವೆ. ತಣ್ಣನೆ ಗಾಳಿ ಅದರಲ್ಲಿ ಹತ್ತಿ ತಲೆಯ ಮೇಲಿಂದ ಇಳಿಯುತ್ತಿತ್ತು. ರಸ್ತೆಯಲ್ಲಿ ಹಿಂದೆ ಬರುವವರಿಗೂ ಅವು ಕಾಣುತ್ತಿದ್ದವು ಎಂಬುದು ಮಾಲೀಕರಿಗೆ ಬೇಸರದ ಸಂಗತಿಯೇನೂ ಆಗಿರಲಾರದು. ಮರುವರ್ಷ ನ್ಯಾಷ್ ಕಂಪನಿ ಬಿಸಿ, ತಂಪು, ಹೊರಗಾಳಿ ಮೂರನ್ನೂ ಒಂದೇ ವ್ಯವಸ್ಥೆಯಾಗಿ ಕಾರಿನ ಮುಂಭಾಗಕ್ಕೆ ತಂದು 345 ಡಾಲರಿಗೆ ಕೊಟ್ಟಿತು. ಈಗಿನ ಕಾರುಗಳಲ್ಲಿರುವ ಏರ್ಪಾಟಿನ ಮೂಲರೂಪ ಅದು. ನ್ಯಾಷ್ ಕೂಡಿಕೊಂಡಿದ್ದ ಕೆಲ್ವಿನೇಟರ್ ಫ್ರಿಜ್ ಮಾಡುವ ಕಂಪನಿ. ಜನರಲ್ ಮೋಟರ್ಸಿನ ಬಳಿ ಫ್ರಿಜಿಡೇರ್ ಇತ್ತು. ಕಾರಿನ ತಂಪು ಬಂದದ್ದು ಅಡುಗೆಮನೆಯ ಕಡೆಯಿಂದ.

ಗ್ಯಾಸು ಬಂದದ್ದೂ ಅಲ್ಲಿಂದಲೇ. ಮೊದಲ ಫ್ರಿಜ್‌ಗಳಲ್ಲಿ ಅಮೋನಿಯಾ, ಸಲ್ಫರ್ ಡೈ ಆಕ್ಸೈಡ್‌ನಂಥ ವಿಷಗಳಿರುತ್ತಿದ್ದವು. ಫ್ರಿಜಿಡೇರ್‌ಗಾಗಿ ನಿರಪಾಯದ ಗ್ಯಾಸ್ ಹುಡುಕುವ ಕೆಲಸ ಥಾಮಸ್ ಮಿಡ್ಗ್ಲಿ ಮತ್ತು ಅವರ ಸಂಗಡಿಗರಿಗೆ ಬಿತ್ತು. ಅವರು ಕಂಡುಕೊಂಡ ಗ್ಯಾಸಿಗೆ ಫ್ರಿಯಾನ್-12 ಎಂಬ ಹೆಸರು ಬಿತ್ತು, ಈಗ ಆರ್-12 ಎನ್ನುತ್ತಾರೆ. 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯ ಮುಂದೆ ಮಿಡ್ಗ್ಲಿ ಅದನ್ನು ಒಂದು ಉಸಿರು ಎಳೆದುಕೊಂಡು, ಹೊರಬಿಟ್ಟು ಮೇಣದಬತ್ತಿ ಆರಿಸಿ ತೋರಿಸಿದರು. ವಿಷವೂ ಅಲ್ಲ, ಬೆಂಕಿಯೂ ಹತ್ತುವುದಿಲ್ಲ. ಮುಚ್ಚಿದ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಎಸಿ ಹಾಕುವ ಧೈರ್ಯ ಬಂದದ್ದು ಆ ಗುಣದಿಂದ. ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವೂ ಇದೇ ಮಿಡ್ಗ್ಲಿಯದು. ಒಬ್ಬನೇ ಮನುಷ್ಯ ಕಾರಿನ ಹಿಂದಿನ ಹೊಗೆ, ಒಳಗಿನ ಗಾಳಿ ಎರಡರಲ್ಲೂ ಕೈಯಾಡಿಸಿದ್ದ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಮನೆಯ ಫ್ರಿಜ್ಜಿನ ಗ್ಯಾಸು ಬೆಸುಗೆ ಹಾಕಿದ ತಾಮ್ರದ ನಾಳಗಳಲ್ಲಿ ಮೂವತ್ತು ವರ್ಷ ಸುಮ್ಮನೆ ಇರುತ್ತದೆ. ಕಾರಿನಲ್ಲಿ ಹಾಗಲ್ಲ. ಕಂಪ್ರೆಸರನ್ನು ಹೊರಗಿನ ಬೆಲ್ಟ್ ತಿರುಗಿಸಬೇಕು, ಹಾಗಾಗಿ ಅದರ ಶಾಫ್ಟ್ ಹೊರಗೆ ಬರುವಲ್ಲಿ ಒಂದು ಸೀಲ್ ಇರಲೇಬೇಕು. ಎಂಜಿನ್ ಅದುರುತ್ತದೆ, ಹಾಗಾಗಿ ರಬ್ಬರ್ ಹೋಸ್ ಬೇಕು. ಸೀಲ್ ಒಸರುತ್ತದೆ, ರಬ್ಬರಿನಿಂದಲೂ ಗ್ಯಾಸು ಸ್ವಲ್ಪ ಸ್ವಲ್ಪವೇ ನುಸುಳುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ಯಾರೂ ತಲೆಕೆಡಿಸಿಕೊಳ್ಳಲಿಲ್ಲ, ಏಕೆಂದರೆ ಗ್ಯಾಸು ಅಗ್ಗ. ಬೇಸಿಗೆ ಬಂತೆಂದರೆ ಅಂಗಡಿಯಿಂದ ಸಣ್ಣ ಡಬ್ಬಿ ತಂದು ತುಂಬಿಸಿಕೊಂಡರಾಯಿತು. ಸೋರುವಿಕೆ ದೋಷವೆನಿಸಲಿಲ್ಲ, ವಾಡಿಕೆಯಾಗಿತ್ತು. 1969ರ ಹೊತ್ತಿಗೆ ಅಮೆರಿಕದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಸಿ ಕಾರುಗಳು. ಅಷ್ಟೂ ಸೋರುತ್ತಿದ್ದವು.

ಸೋರಿದ್ದು ಎಲ್ಲಿಗೆ ಹೋಯಿತು ಎಂದು 1974ರಲ್ಲಿ ಕೇಳಿದವರು ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್. ಯಾವುದರೊಂದಿಗೂ ಬೆರೆಯದ ಆ ಸಾಧು ಗುಣವೇ ಗ್ಯಾಸನ್ನು ವಾಯುಮಂಡಲದ ಮೇಲಿನ ಪದರದವರೆಗೆ ಒಯ್ಯುತ್ತದೆ, ಅಲ್ಲಿ ಬಿಸಿಲಿಗೆ ಒಡೆದು ಹೊರಬಿದ್ದ ಕ್ಲೋರಿನ್ ಓಝೋನನ್ನು ತಿನ್ನುತ್ತದೆ ಎಂದರು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಓಝೋನ್ ಬರಿದಾಗುತ್ತಿರುವುದನ್ನು ಪ್ರಕಟಿಸಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಶ್ರೀಮಂತ ದೇಶಗಳಲ್ಲಿ ಆರ್-12 ತಯಾರಿಕೆ 1995ರ ಕೊನೆಗೆ ನಿಂತಿತು.

ಭಾರತದಂಥ ದೇಶಗಳಿಗೆ ಹೆಚ್ಚು ಕಾಲಾವಕಾಶ ಸಿಕ್ಕಿತು. ಕಾವೇರಿ ದಂಡೆಯ ಮೆಟ್ಟೂರು ಸೇರಿದಂತೆ ನಾಲ್ಕು ಕಂಪನಿಗಳ ಸ್ಥಾವರಗಳಲ್ಲಿ ಈ ಬಗೆಯ ಗ್ಯಾಸು ತಯಾರಾಗುತ್ತಲೇ ಇತ್ತು. ಒಂದು ಕಡೆ ನಿಷೇಧ, ಇನ್ನೊಂದು ಕಡೆ ಅನುಮತಿ ಇದ್ದರೆ ನಡುವೆ ಏನು ನಡೆಯುತ್ತದೋ ಅದೇ ನಡೆಯಿತು: ತೊಂಬತ್ತರ ದಶಕದಲ್ಲಿ ಮಯಾಮಿ ಬಂದರಿನಲ್ಲಿ ಕಳ್ಳಸಾಗಣೆಯ ಫ್ರಿಯಾನ್ ಸಿಲಿಂಡರುಗಳು ಸಿಕ್ಕಿಬೀಳತೊಡಗಿದವು. ಭಾರತದ ತಯಾರಕರಿಗೆ ಹಂತಹಂತವಾಗಿ ನಿಲ್ಲಿಸಲು 8.2 ಕೋಟಿ ಡಾಲರ್ ನೆರವು ಕೊಡುವುದೆಂದು 1999ರಲ್ಲಿ ತೀರ್ಮಾನವಾಯಿತು. 2008ರ ಆಗಸ್ಟ್ 1ರಂದು ಇಲ್ಲಿಯೂ ತಯಾರಿಕೆ ನಿಂತಿತು, ಗಡುವಿಗೆ ಹದಿನೇಳು ತಿಂಗಳು ಮೊದಲೇ.

ಹೀಗಾಗಿ ಇವತ್ತು ಹಳೆಯ ಕಾರಿನ ಎಸಿ ಬಿಚ್ಚಿದವರ ಮುಂದೆ ಎರಡು ದಾರಿ. ಅಮೆರಿಕದಲ್ಲಿ ಹಳೆಯ ದಾಸ್ತಾನಿನ ಇಲ್ಲವೇ ಶುದ್ಧಗೊಳಿಸಿದ ಆರ್-12 ತುಂಬಿಸುವುದು ಅಪರಾಧವಲ್ಲ. ಪರವಾನಗಿ ಇರುವ ಮೆಕ್ಯಾನಿಕ್ ಬೇಕು, ಕೈಯಲ್ಲಿ ಹಣ ಬೇಕು, ಗಾಳಿಗೆ ಬಿಡುವಂತಿಲ್ಲ. ಇನ್ನೊಂದು ದಾರಿ ಆರ್-134ಎ. ಅದು ಓಝೋನನ್ನು ಮುಟ್ಟುವುದಿಲ್ಲ, ಭೂಮಿಯನ್ನು ಕಾಯಿಸುವುದರಲ್ಲಿ ಮಾತ್ರ ಅದೇನೂ ಪಾಪದ್ದಲ್ಲ. ಹಳೆಯ ಯಂತ್ರ ಇದನ್ನು ಸುಲಭವಾಗಿ ಒಪ್ಪುವುದೂ ಇಲ್ಲ. ಆರ್-12 ಜೊತೆ ಓಡಾಡುತ್ತಿದ್ದ ಖನಿಜ ಎಣ್ಣೆ ಇದರಲ್ಲಿ ಬೆರೆಯುವುದಿಲ್ಲ. ಎಣ್ಣೆ ಎಲ್ಲೋ ಮಡುಗಟ್ಟಿದರೆ ಕಂಪ್ರೆಸರ್ ಒಣಗಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ಹಳೆಯದನ್ನು ತೊಳೆದು ತೆಗೆದು ಎಸ್ಟರ್ ಎಣ್ಣೆ ಹಾಕಬೇಕು, ತೇವ ಹೀರುವ ಡ್ರೈಯರ್ ಹೊಸದಾಗಬೇಕು, ಓ-ರಿಂಗ್‌ಗಳೆಲ್ಲ ಬದಲಾಗಬೇಕು. ಹೋಸುಗಳಿಗೆ ಒಳಪದರವಿರುವ ಹೊಸ ರಬ್ಬರ್ ಬೇಕು, ಆದರೆ ತುದಿಯ ಲೋಹದ ಜೋಡಣೆಗಳು ಹಳೆಯವೇ ಇದ್ದರೆ ಚೆನ್ನ. ಆಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಕನಿಷ್ಠ ಅರ್ಧ ಗಂಟೆ ಬಿಟ್ಟು, ಒಳಗಿನ ತೇವ ಹೊರಟುಹೋಗುವಂತೆ ಮಾಡಬೇಕು. ಒಂದು ಹನಿ ಉಳಿದರೂ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ಬಾಯಲ್ಲಿ ಮಂಜುಗಡ್ಡೆಯಾಗಿ ಕೂರುತ್ತದೆ.

ಅನುಭವಿ ಕೈಗಳೂ ಎಡವುವ ಜಾಗ ಬೇರೆ ಇದೆ. ಡ್ರೈಯರ್ ಮೇಲೆ ಒಂದು ಪುಟ್ಟ ಗಾಜಿನ ಕಣ್ಣು ಇರುತ್ತಿತ್ತು. ಗ್ಯಾಸು ಕಡಿಮೆಯಿದ್ದರೆ ಅದರಲ್ಲಿ ಗುಳ್ಳೆ, ತುಂಬಿದಂತೆ ತಿಳಿ. ಆರ್-12 ಕಾಲದ ಮೆಕ್ಯಾನಿಕ್‌ಗಳು ಆ ಗುಳ್ಳೆ ನೋಡಿಯೇ ತುಂಬುತ್ತಿದ್ದರು. 134ಎ ಹಾಕಿದಾಗ ಆ ಕಣ್ಣು ಸುಳ್ಳು ಹೇಳುತ್ತದೆ, ಸರಿಯಾಗಿ ತುಂಬಿದರೂ ಗುಳ್ಳೆ ಹೋಗದಿರಬಹುದು. ಹೋಗಲೆಂದು ಇನ್ನಷ್ಟು ತುಂಬಿದರೆ ಒತ್ತಡ ಏರಿ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರಿಗೂ ಕೇಡು. ತಕ್ಕಡಿಯಲ್ಲಿ ತೂಗಿ, ಹಳೆಯ ಅಳತೆಯ ಶೇಕಡಾ 80–90ರಷ್ಟು ಹಾಕಬೇಕು. ಇಷ್ಟಾದರೂ ಸಿಗ್ನಲ್ಲಿನಲ್ಲಿ ನಿಂತಾಗ ಹಳೆಯ ಕಂಡೆನ್ಸರ್ ಏದುಸಿರು ಬಿಡುತ್ತದೆ, ಅದನ್ನು ಮಾಡಿದ್ದು ಬೇರೆ ಗ್ಯಾಸಿಗೆ. ಜನರಲ್ ಮೋಟರ್ಸ್ 1962ರಲ್ಲಿ ತಂದ, ಗುಂಡು ಕಲ್ಲಿನಷ್ಟು ಭಾರದ ಎ6 ಕಂಪ್ರೆಸರಿನ ಸೀಲ್ ಸೋರುವುದಕ್ಕೇ ಹೆಸರಾದದ್ದು. ಅದರ ಹೊರರೂಪವನ್ನೇ ಹೋಲುವ ಹಗುರ ಅಲ್ಯೂಮಿನಿಯಂ ಕಂಪ್ರೆಸರ್ ಈಗ ಸಿಗುತ್ತದೆ. ಅದನ್ನು ಹಾಕಿದರೆ 'ಒರಿಜಿನಲ್' ಅಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಸೋರುವ ಹಳೆಯ ಸೀಲನ್ನು ನಿಷ್ಠೆಯಿಂದ ಕಾಪಾಡಿಕೊಳ್ಳುವುದು ಯಾವ ಲೆಕ್ಕದ ನಿಷ್ಠೆ?

ನಮ್ಮ ಊರುಗಳ ಹಳೆಯ ಕಾರುಗಳಲ್ಲಿ ಈ ವಾದ ಅಷ್ಟಾಗಿ ಏಳುವುದಿಲ್ಲ. ಅಂಬಾಸಡರ್, ಪದ್ಮಿನಿಗಳ ಬಹುಪಾಲು ಎಸಿ ಇಲ್ಲದೆಯೇ ಕಾರ್ಖಾನೆಯಿಂದ ಹೊರಬಂದವು. ಆಮೇಲೆ ಗ್ಯಾರೇಜಿನವರು ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಪೆಟ್ಟಿಗೆ ತಗುಲಿಸಿಕೊಟ್ಟರು. ಅದು ಹೋದರೆ ಇನ್ನೊಂದು ಪೆಟ್ಟಿಗೆ.

ಅಮೆರಿಕದಲ್ಲಿ ಗ್ಯಾಸು ಬದಲಿಸಿದವರಿಗೆ ಇನ್ನೂ ಒಂದು ನಿಯಮವಿದೆ. ಗ್ಯಾಸು ತುಂಬುವ ಬಾಯಿಗಳ ಮೇಲೆ 134ಎಗೆ ಮಾತ್ರ ಹೊಂದುವ ಬೇರೆ ಜೋಡಣೆ ಹಾಕಬೇಕು, ಬಾನೆಟ್ಟಿನ ಅಡಿಯಲ್ಲಿ ಹೊಸ ಚೀಟಿ ಅಂಟಿಸಬೇಕು. ಮುಂದೆ ಕೈಹಾಕುವ ಮೆಕ್ಯಾನಿಕ್ ತಪ್ಪಿ ಎರಡನ್ನೂ ಬೆರೆಸಬಾರದಲ್ಲ. ಹಾಗಾಗಿ ಚೆನ್ನಾಗಿ ಸಿದ್ಧಗೊಳಿಸಿದ ಕಾರಿನ ಬಾನೆಟ್ ಎತ್ತಿದರೆ, ಕಾರ್ಖಾನೆಯ ಚೀಟಿಯ ಜೊತೆಗೆ ಇನ್ನೊಂದು ಚೀಟಿಯೂ ಕಾಣುತ್ತದೆ. ಅದರ ಮೇಲೆ ಹೊಸ ಗ್ಯಾಸಿನ ಹೆಸರು, ತೂಕ, ಎಣ್ಣೆಯ ಬಗೆ, ಕೆಲಸ ಮಾಡಿದ ದಿನಾಂಕ. ಚೀಟಿಯ ಬಣ್ಣ ತಿಳಿನೀಲಿ.