ಅಘನಾಶಿನಿಯ ಅಳಿವೆ ಮತ್ತು ಸಂಯಮಧರ್ಮ

ನದಿಯು ಕಡಲನ್ನು ಕೂಡುವ ತಾಣವನ್ನು ಕರಾವಳಿಯ ಜನರು ಅಳಿವೆಯೆಂದು ಕರೆಯುವರು. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯು ರಾಮ್ಸಾರ್ ಒಡಂಬಡಿಕೆಯ ಜೌಗುನೆಲಗಳ ಪಟ್ಟಿಗೆ ಸೇರಿರುವುದು 2024ರ ಜನವರಿಯಲ್ಲಿ ಪ್ರಕಟವಾಯಿತು. ಇದರ ವಿಸ್ತಾರ 4,801 ಹೆಕ್ಟೇರ್. ದೊಡ್ಡ ಅಣೆಕಟ್ಟುಗಳಿಲ್ಲದೆ ಹರಿಯುವ ಈ ನದಿಯ ಸಿಹಿನೀರು ಭರತದ ಉಪ್ಪುನೀರಿನೊಡನೆ ಬೆರೆತು ಕಾಂಡ್ಲವನಗಳನ್ನೂ ಮೀನು, ಸೀಗಡಿ, ಚಿಪ್ಪಿಗಳನ್ನೂ ವಲಸೆಹಕ್ಕಿಗಳನ್ನೂ ಪೋಷಿಸುತ್ತದೆ.

ಈ ತೀರದ ಇತಿಹಾಸವು ಜೈನರಿಗೆ ಅಪರಿಚಿತವಲ್ಲ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಜೈನರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದರು. ಅಘನಾಶಿನಿಯ ಸಮೀಪದ ಮಿರ್ಜಾನ್ ಕೋಟೆಯು ಆಕೆಯ ಹೆಸರಿನೊಡನೆ ಬೆಸೆದುಕೊಂಡಿದೆ. ಆ ರಾಜ್ಯವೂ ಆ ವಾಣಿಜ್ಯವೂ ಅಳಿದವು. ಅವುಗಳಿಗೆ ಆಸರೆಯಾಗಿದ್ದ ನೀರು ಮಾತ್ರ ಇಂದಿಗೂ ಜೀವಂತವಾಗಿದೆ.

ಅಳಿವೆಯ ಅಂಚಿನ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಉಪ್ಪನ್ನೂ ನೆರೆಯನ್ನೂ ಸಹಿಸಬಲ್ಲ ಈ ತಳಿಗೆ ರಾಸಾಯನಿಕ ಗೊಬ್ಬರ ಬೇಕಿಲ್ಲ. ಕಟಾವಿನ ಬಳಿಕ ಒಡ್ಡಿನ ತೂಬು ತೆರೆದರೆ ಉಪ್ಪುನೀರಿನೊಡನೆ ಮೀನು, ಸೀಗಡಿಗಳು ಒಳಬರುತ್ತವೆ. ನೆಲಕ್ಕೂ ನೀರಿಗೂ ಸರದಿಯನ್ನು ಬಿಟ್ಟುಕೊಟ್ಟ ವ್ಯವಸಾಯವಿದು.

ಲಾಭದ ಆಸೆಯು ಈ ಸರದಿಯನ್ನು ಒಪ್ಪುವುದಿಲ್ಲ. 1990ರ ದಶಕದಲ್ಲಿ ಭಾರತದ ಕರಾವಳಿಯಲ್ಲಿ ಸೀಗಡಿ ಉದ್ಯಮವು ವೇಗವಾಗಿ ಹಬ್ಬಿತು. ರೋಗ ತಗುಲಿ ಕೊಳಗಳು ನಾಶವಾದವು. ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ ಕರಾವಳಿ ನಿಯಂತ್ರಣ ವಲಯದೊಳಗಿನ ಕೈಗಾರಿಕಾ ಸೀಗಡಿ ಕೊಳಗಳನ್ನು ತೆಗೆಸುವಂತೆ ಆಜ್ಞಾಪಿಸಿ, ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ನೀಡಿತು. 2005ರ ಜಲಕೃಷಿ ಪ್ರಾಧಿಕಾರ ಕಾಯಿದೆಯು ಪರವಾನಗಿಯ ಮೂಲಕ ಉದ್ಯಮಕ್ಕೆ ಮತ್ತೆ ಹಾದಿ ತೆರೆಯಿತು. ಕಾನೂನಿನ ಬೇಲಿ ಸರಿಯಬಲ್ಲದು. ಸಂಯಮದ ಬೇಲಿಯನ್ನು ಮನುಷ್ಯನೇ ಹಾಕಿಕೊಳ್ಳಬೇಕು.

ಇಲ್ಲಿ ಶ್ರಾವಕನಿಗೆ ಒಂದು ಕಠಿಣ ಪ್ರಶ್ನೆ ಎದುರಾಗುತ್ತದೆ. ಚಿಪ್ಪಿ ಆಯ್ದು, ಮೀನು ಹಿಡಿದು ಬದುಕುವ ಸಾವಿರಾರು ಕುಟುಂಬಗಳ ಅಳಿವೆಯನ್ನು ಅಹಿಂಸಾವ್ರತಿಯು ಹೇಗೆ ಕಾಣಬೇಕು? ಜೀವಹಿಂಸೆಯು ಅಹಿಂಸೆಯಾಗದು. ಆದರೆ ಜಲಕಾಯಿಕ ಜೀವಗಳಿಂದ ಹಿಡಿದು ವನಸ್ಪತಿ, ತ್ರಸ ಜೀವಗಳವರೆಗಿನ ಅಸಂಖ್ಯ ಪ್ರಾಣಗಳ ಆವಾಸವನ್ನೇ ಹೂಳುವ ಹಿಂಸೆಯು ಬಲೆಯ ಹಿಂಸೆಗಿಂತ ಎಷ್ಟೋ ದೊಡ್ಡದು. ಬೆಸ್ತನನ್ನು ದೂರುವ ನಾಲಗೆಯು ಜೌಗು ತುಂಬಿಸಿ ಕಟ್ಟಿದ ನಿವೇಶನವನ್ನು ಕೊಳ್ಳುವಾಗ ಮೌನವಾಗಿದ್ದರೆ ಆ ಅಹಿಂಸೆ ಅಪೂರ್ಣ.

ಕಡಲಿಂದ ದೂರವಿರುವ ಗೆಂಡೆಹಳ್ಳಿ, ಹಳೇಬೀಡುಗಳ ಸೀಮೆಗೂ ಈ ಮಾತು ಸಲ್ಲುತ್ತದೆ. ಹಳೇಬೀಡಿನ ಪ್ರಾಚೀನ ನಾಮ ದೋರಸಮುದ್ರದಲ್ಲಿರುವ 'ಸಮುದ್ರ'ವು ಕಡಲಲ್ಲ, ಕೆರೆ. 1133ರಲ್ಲಿ ಗಂಗರಾಜನ ಮಗ ಬೊಪ್ಪನು ಅಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ ಕಾಲದಲ್ಲಿ ರಾಜಧಾನಿಯ ಬದುಕು ಆ ನೀರನ್ನು ನೆಚ್ಚಿತ್ತು. ಬಸದಿಯ ಜೀರ್ಣೋದ್ಧಾರಕ್ಕೆ ದಾನ ಕೂಡಿಸುವ ಟ್ರಸ್ಟುಗಳು ಊರಿನ ಕೆರೆಯಂಗಳ ಒತ್ತುವರಿಯಾಗದಂತೆ, ಅದಕ್ಕೆ ಕೊಳಚೆ ಸೇರದಂತೆ ನೋಡಿಕೊಳ್ಳುವುದೂ ಜೀವದಯೆಯ ಕಾರ್ಯವೇ ಆಗಿದೆ.